ಕಾರವಾರದಲ್ಲಿ ಎರಡು ರಾತ್ರಿ: ಮೊದಲು ಕೊನೆ ಬಸ್ ಕೇಳಿ

ಕಾರವಾರಕ್ಕೆ ಬರುವ ನೆಂಟರು, ಸ್ನೇಹಿತರು ಮೊದಲು ಕೇಳುವುದು ರೂಮಿಗೆ ಎಷ್ಟು, ಬೀಚ್ ಎಷ್ಟು ದೂರ ಅಂತ. ಕೊನೆ ಬಸ್ ಎಷ್ಟು ಗಂಟೆಗೆ ಅಂತ ಯಾರೂ ಕೇಳುವುದಿಲ್ಲ. ನಮ್ಮ ಕರಾವಳಿಯಲ್ಲಿ ರಾತ್ರಿಯ ಖರ್ಚೆಲ್ಲ ನಿಂತಿರುವುದು ಆ ಪ್ರಶ್ನೆಯ ಮೇಲೆ. ಇಲ್ಲಿ ರಾತ್ರಿ ನೋಡಬೇಕಾದ್ದಕ್ಕೆ, ಕೇಳಬೇಕಾದ್ದಕ್ಕೆ ಹೆಚ್ಚಿನ ಕಡೆ ಟಿಕೆಟ್ಟೇ ಇಲ್ಲ. ದುಡ್ಡು ಹೋಗುವುದು ವಾಪಸ್ ಬರುವುದಕ್ಕೆ. ಕತ್ತಲಾಗುತ್ತಾ ಹೋದ ಹಾಗೆ ಹಳ್ಳಿ ಕಡೆಯ ಬಸ್ಸುಗಳು ಒಂದೊಂದಾಗಿ ನಿಲ್ಲುತ್ತವೆ. ಆಮೇಲೆ ಆಟೋದವರು ಹೇಳಿದ್ದೇ ರೇಟು. ಹಗಲೆಲ್ಲ ಉಳಿಸಿದ ದುಡ್ಡು ರಾತ್ರಿ ಹನ್ನೊಂದಕ್ಕೆ ಒಂದೇ ಆಟೋಗೆ ಹೋದರೆ ಏನು ಬಂತು?

ನಾನು ಶಿರಸಿಯವಳು. ಕೆಲಸಕ್ಕೆ ಅಂತ ಕಾರವಾರಕ್ಕೆ ಬಂದವಳು ಇಲ್ಲೇ ಉಳಿದೆ. ಕೋಡಿಬಾಗದಲ್ಲಿ ಬಾಡಿಗೆ ಮನೆ, ಪೇಟೆಯ ಔಷಧ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸ. ಹುಬ್ಬಳ್ಳಿಯಲ್ಲಿ ಓದುವ ನನ್ನ ಚಿಕ್ಕಮ್ಮನ ಮಗಳು ಆಗಾಗ ಗೆಳತಿಯರನ್ನು ಕಟ್ಟಿಕೊಂಡು ಬರುತ್ತಾಳೆ. ಬರುವ ಮೊದಲು ಫೋನ್ ಮಾಡಿ, ‘ಅಕ್ಕಾ, ದುಡ್ಡು ಕಮ್ಮಿ ಇದೆ. ಆದ್ರೆ ರಾತ್ರಿ ರೂಮಲ್ಲೇ ಕೂತಿರೋಕೆ ನಾವು ಬರಲ್ಲ’ ಅಂತಾಳೆ. ಅವಳ ಮಾತು ಸರಿ. ಎರಡು ದಿನಕ್ಕೆ ಅಂತ ಬಂದವರಿಗೆ ಸಂಜೆ ಆರರಿಂದ ಮಲಗುವವರೆಗಿನ ಹೊತ್ತು ಅರ್ಧ ಪ್ರವಾಸ. ಅವಳಿಗೆ ಹಾಕಿಕೊಡುವ ಪ್ಲಾನನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಊರಿಂದ ಕಾರವಾರಕ್ಕೆ ಬಂದು ಹೋಗುವ ಖರ್ಚು ಬಿಟ್ಟು ತಲಾ 3,000 ರೂಪಾಯಿ ಇಟ್ಟುಕೊಳ್ಳಿ. ಇಬ್ಬರು ಒಂದು ರೂಮು ಹಂಚಿಕೊಂಡರೆ ಎರಡು ರಾತ್ರಿಗೆ ತಲಾ 1,200 ಹಿಡಿಯಿರಿ. ಊಟ, ತಿಂಡಿ, ಚಾ ಎಲ್ಲ ಸೇರಿ 900. ಹಗಲಿನ ಓಡಾಟಕ್ಕೆ 300. ರಾತ್ರಿಯ ಸುತ್ತಾಟಕ್ಕೆ ಅಂತಲೇ 400 ಬೇರೆ ಎತ್ತಿಡಿ. ಉಳಿದ 200 ಮುಟ್ಟಬೇಡಿ. ಅದು ಬಸ್ ತಪ್ಪಿದರೆ ಆಟೋಗೆ ಇಟ್ಟ ದುಡ್ಡು. ನಾಲ್ಕು ಜನ ಇದ್ದರೆ 800 ಆಯ್ತು. ಅಷ್ಟು ಕೈಯಲ್ಲಿದ್ದರೆ ಯಾವ ಹಳ್ಳಿಯಲ್ಲಿ ಸಿಕ್ಕಿಕೊಂಡರೂ ಗಾಬರಿ ಇಲ್ಲ. ಅದನ್ನು ನೋಟಿನಲ್ಲೇ ಇಟ್ಟುಕೊಳ್ಳಿ. ಜಾತ್ರೆ ಗದ್ದಲದಲ್ಲಿ ಫೋನ್‌ಪೇ ಕೈಕೊಡುವುದು ಮಾಮೂಲು.

ದಿನ ಆರಿಸುವುದು

ರೂಮು ನೋಡುವ ಮೊದಲು ಪಂಚಾಂಗ ನೋಡಿ. ಸುಮ್ನೆ ರಜೆ ಸಿಕ್ಕ ಶನಿವಾರ ಬಂದವರಿಗೂ ಒಂದು ಹಬ್ಬ ಹಿಡಿದು ಬಂದವರಿಗೂ ಸಿಗುವ ರಾತ್ರಿಗಳೇ ಬೇರೆ. ಖರ್ಚು ಮಾತ್ರ ಒಂದೇ.

ದೀಪಾವಳಿ ಕಳೆದ ಮೇಲೆ ಯಕ್ಷಗಾನ ಮೇಳಗಳ, ಅಂದರೆ ತಂಡಗಳ, ತಿರುಗಾಟ ಶುರುವಾಗುತ್ತದೆ. ಮೇ ಕೊನೆಯವರೆಗೂ ಅಂಕೋಲಾ, ಕುಮಟಾ, ಹೊನ್ನಾವರ, ಶಿರಸಿ, ಸಿದ್ದಾಪುರದ ಕಡೆ ಎಲ್ಲಾದರೂ ಒಂದು ಕಡೆ ಯಕ್ಷಗಾನದ ಆಟ ಇದ್ದೇ ಇರುತ್ತದೆ. ಕಾರವಾರ ತಾಲೂಕಿನ ಹಳ್ಳಿಗಳಲ್ಲಿ ಅದೇ ದಿನಗಳಲ್ಲಿ ದಹಿಂಕಾಲ ಉತ್ಸವ ನಡೆಯುತ್ತದೆ. ದೇವರ ಕೆಲಸ ಮುಗಿದ ಮೇಲೆ ರಾತ್ರಿ ಊರವರೇ ಸೇರಿ ನಾಟಕ ಆಡುತ್ತಾರೆ. ಕೆಲವು ಕಡೆ ಕೊಂಕಣಿ, ಕೆಲವು ಕಡೆ ಮರಾಠಿ, ಕೆಲವು ಕಡೆ ಕನ್ನಡ. ಭಾಷೆ ಬಾರದಿದ್ದರೂ ಹೋಗಿ. ಪಕ್ಕದಲ್ಲಿ ಕೂತ ಅಜ್ಜಿ ಕಥೆ ಹೇಳುತ್ತಾಳೆ.

ಹೋಳಿಯ ಹೊತ್ತಿಗೆ ಬಂದರೆ ಅಂಕೋಲಾ ಕಡೆ ಹಾಲಕ್ಕಿ ಒಕ್ಕಲಿಗರ ಸುಗ್ಗಿ ಕುಣಿತ. ತಲೆ ಮೇಲೆ ಬಣ್ಣದ ತುರಾಯಿ ಕಟ್ಟಿಕೊಂಡು, ಗುಮಟೆ ಬಾರಿಸಿಕೊಂಡು ಮನೆ ಮನೆಗೆ ಹೋಗುತ್ತಾರೆ. ಅದೇ ಹೋಳಿಗೆ ನಮ್ಮ ಶಿರಸಿಯಲ್ಲಿ ಬೇಡರ ವೇಷ. ಬೆನ್ನಿಗೆ ನವಿಲುಗರಿಯ ದೊಡ್ಡ ಹೊರೆ, ಕೈಯಲ್ಲಿ ಕತ್ತಿ ಗುರಾಣಿ, ಹಿಂದಿನಿಂದ ಹಗ್ಗ ಹಿಡಿದು ಎಳೆಯುವವರು, ಮುಂದೆ ಹಲಗೆ ಬಾರಿಸುವವರು. ರಾತ್ರಿ ಪೇಟೆಯ ರಸ್ತೆ ರಸ್ತೆಯಲ್ಲಿ ಬೇಡ ಕುಣಿಯುತ್ತಾನೆ, ಊರಿಗೆ ಊರೇ ನಿದ್ದೆಗೆಟ್ಟು ಹಿಂದೆ ಓಡುತ್ತದೆ. ಆದರೆ ಇದು ಪ್ರತಿ ವರ್ಷ ಇಲ್ಲ. ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ, 2022, 2024, 2026 ಹೀಗೆ ಬರುತ್ತದೆ. ಜಾತ್ರೆ ಇಲ್ಲದ ವರ್ಷ ಬೇಡರ ವೇಷ. ಜಾತ್ರೆಯ ವರ್ಷವಾದರೆ ಬಿಡ್ಕಿಬೈಲಿನಲ್ಲಿ ದೇವಿ ಗದ್ದುಗೆ ಮೇಲೆ ಕೂತಿರುವಷ್ಟು ದಿನ ಶಿರಸಿಯಲ್ಲಿ ರಾತ್ರಿಯೇ ಹಗಲು. ತೊಟ್ಟಿಲು, ನಾಟಕ ಕಂಪನಿ, ಬಳೆ ಅಂಗಡಿ ಎಲ್ಲ ತಡರಾತ್ರಿವರೆಗೂ ತೆರೆದಿರುತ್ತವೆ. ಜಾಸ್ತಿ ಬಸ್ಸುಗಳನ್ನೂ ಬಿಡುತ್ತಾರೆ. ರೂಮು ಮಾತ್ರ ಸಿಗುವುದು ಕಷ್ಟ. ಆ ದಿನಗಳಲ್ಲಿ ಶಿರಸಿಯಲ್ಲಿ ನೆಂಟರಿದ್ದರೆ ಸಂಕೋಚ ಬಿಟ್ಟು ಫೋನ್ ಮಾಡಿ. ಜಾತ್ರೆಗೆ ಬಂದವರನ್ನು ಶಿರಸಿಯವರು ಬೇಡ ಅನ್ನುವುದಿಲ್ಲ.

ಬೇಡವಾದ ದಿನಗಳೂ ಇವೆ. ಡಿಸೆಂಬರ್ ಕೊನೆಯ ವಾರ ಗೋವಾದ ಗದ್ದಲ ನಮ್ಮ ಕಡೆಗೂ ಹರಿಯುತ್ತದೆ, ಲಾಡ್ಜಿನವರು ರೇಟು ಏರಿಸುತ್ತಾರೆ. ಮೂರು ದಿನ ಸಾಲು ರಜೆ ಬಂದಾಗಲೂ ಅಷ್ಟೇ.

ಬರುವುದು

ಬೆಂಗಳೂರಿನವರಿಗೆ ಪಂಚಗಂಗಾ ಎಕ್ಸ್‌ಪ್ರೆಸ್ ಇದೆ. ಸಂಜೆ ಹೊರಟು ಬೆಳಿಗ್ಗೆ ಕಾರವಾರ. ರಿಸರ್ವೇಶನ್ 60 ದಿನ ಮೊದಲು ತೆರೆಯುತ್ತದೆ, ವಾರದ ಕೊನೆಯ ಸೀಟು ಬೇಗ ಖಾಲಿಯಾಗುತ್ತದೆ. ಆದ್ದರಿಂದ ಪಂಚಾಂಗ ನೋಡಿದ ದಿನವೇ ಟಿಕೆಟ್ ಮಾಡಿ. ಸ್ಟೇಷನ್ ಇರುವುದು ಶಿರವಾಡದಲ್ಲಿ, ಪೇಟೆಯಿಂದ ಆರು ಕಿಲೋಮೀಟರಿನಷ್ಟು ಹೊರಗೆ. ರೈಲು ಇಳಿದ ಕೂಡಲೇ ನಾಲ್ಕು ಜನ ಸೇರಿ ಒಂದು ಆಟೋ ಮಾಡಿ, ಹತ್ತುವ ಮೊದಲೇ ರೇಟು ಮಾತಾಡಿ.

ಹುಬ್ಬಳ್ಳಿಯಿಂದ ಯಲ್ಲಾಪುರ, ಅರಬೈಲ್ ಘಟ್ಟ, ಅಂಕೋಲಾ ದಾರಿಯಲ್ಲಿ ಬಸ್ಸಿಗೆ ನಾಲ್ಕು, ನಾಲ್ಕೂವರೆ ಗಂಟೆ. ಕರ್ನಾಟಕದ ಹೆಣ್ಣುಮಕ್ಕಳಿಗೆ 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಸರ್ಕಾರಿ ಬಸ್ಸು ಪುಕ್ಕಟೆ. ರಾಜಹಂಸ, ಸ್ಲೀಪರ್, ಎಸಿ ಬಸ್ಸಿಗೆ ಅದು ನಡೆಯುವುದಿಲ್ಲ. ರಾಜ್ಯ ದಾಟುವ ಬಸ್ಸಿಗೂ ಇಲ್ಲ. ಕರ್ನಾಟಕದ ವಿಳಾಸ ಇರುವ ಗುರುತಿನ ಚೀಟಿ ಬೇಕು. ನನ್ನ ತಂಗಿಯ ಗುಂಪಿಗೆ ಬರುವ ಖರ್ಚು, ಅಂಕೋಲಾ ಕುಮಟಾ ಸುತ್ತುವ ಖರ್ಚು ಎರಡೂ ಉಳಿಯುವುದು ಇದರಿಂದಲೇ. ಅವರು 3,000ವನ್ನು 2,700ಕ್ಕೆ ಇಳಿಸಿಕೊಳ್ಳುತ್ತಾರೆ.

ರೂಮು

ಬಸ್ ಸ್ಟ್ಯಾಂಡಿಗೂ ಬೀಚಿಗೂ ನಡುವೆ ಎಲ್ಲಾದರೂ ಹಿಡಿಯಿರಿ. ಕಾರವಾರದ ಪೇಟೆ ಚಿಕ್ಕದು. ಬಸ್ ಸ್ಟ್ಯಾಂಡಿನಿಂದ ಹತ್ತು ನಿಮಿಷ ನಡೆದರೆ ಹೆದ್ದಾರಿ ದಾಟಿ ಮರಳಿನ ಮೇಲೆ ಇರುತ್ತೀರಿ. ಸವಿತಾ ಸರ್ಕಲ್, ಗ್ರೀನ್ ಸ್ಟ್ರೀಟ್ ಸುತ್ತಮುತ್ತ ಸಾದಾ ಲಾಡ್ಜುಗಳಿವೆ. ಅಲ್ಲಿ ಉಳಿದರೆ ರಾತ್ರಿ ಊಟ, ಬೀಚ್, ಬೆಳಗಿನ ಜಾವದ ಬಸ್ಸು ಎಲ್ಲಕ್ಕೂ ಕಾಲೇ ಸಾಕು. ಸಮುದ್ರ ಕಾಣುವ ರೂಮಿಗೆ ಜಾಸ್ತಿ ಕೊಡಬೇಡಿ. ಹಗಲು ನೀವು ಹೊರಗಿರುತ್ತೀರಿ, ರಾತ್ರಿ ಕಿಟಕಿಯಿಂದ ಕಾಣುವುದು ಕತ್ತಲೆ. ದೇವಬಾಗ, ಮಾಜಾಳಿ ಕಡೆಯ ಜಾಗಗಳು ಚೆಂದ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವು ಕಾಳಿ ನದಿಯ ಆಚೆ. ಹಳೆ ಸೇತುವೆ 2024ರ ಆಗಸ್ಟ್ 7ರ ನಸುಕಿನಲ್ಲಿ ಕುಸಿದು ಬಿತ್ತು. ಆಮೇಲೆ ಹೊಸ ಸೇತುವೆ ಮೇಲೆಯೇ ಎರಡೂ ಕಡೆಯ ಲಾರಿ, ಬಸ್ಸು ಹೋಗತೊಡಗಿದವು. ರಾತ್ರಿ ಅದರ ಮೇಲೆ ನಡೆದು ಬರುತ್ತೇನೆ ಅನ್ನುವ ಯೋಚನೆ ಬೇಡವೇ ಬೇಡ. ಅಲ್ಲಿ ಉಳಿದರೆ ಪೇಟೆಯ ರಾತ್ರಿ ಕೈತಪ್ಪುತ್ತದೆ, ಇಲ್ಲಾ ದಿನಕ್ಕೆರಡು ಸಲ ಆಟೋ.

ದುಡ್ಡು ಕೊಡುವ ಮೊದಲು ರೂಮು ತೆರೆಸಿ ನೋಡಿ. ಬಿಸಿನೀರು ಎಷ್ಟು ಹೊತ್ತಿಗೆ, ರಾತ್ರಿ ಮುಂಬಾಗಿಲು ಎಷ್ಟಕ್ಕೆ ಹಾಕುತ್ತಾರೆ ಅಂತ ಕೇಳಿ. ಎರಡನೆಯದು ಮುಖ್ಯ. ‘ಆಟ ನೋಡಿ ಒಂದು ಗಂಟೆಗೆ ಬರ್ತೇವೆ’ ಅಂತ ಮೊದಲೇ ಹೇಳಿಟ್ಟರೆ ಬಾಗಿಲು ತೆಗೆಯಲು ಒಬ್ಬರು ಇರುತ್ತಾರೆ. ಗುರುತಿನ ಚೀಟಿ ಎಲ್ಲರದೂ ಬೇಕು, ಒಬ್ಬರದ್ದು ಸಾಲದು.

ಮೊದಲ ರಾತ್ರಿ ಪೇಟೆಯಲ್ಲೇ

ಬಂದ ದಿನ ದೂರ ಹೋಗಬೇಡಿ. ಸೂರ್ಯ ಮುಳುಗುವುದು ನವೆಂಬರಿನಲ್ಲಿ ಆರರ ಸುಮಾರಿಗೆ, ಮೇ ತಿಂಗಳಲ್ಲಿ ಏಳರ ಹತ್ತಿರ. ಅದಕ್ಕಿಂತ ಒಂದು ಗಂಟೆ ಮೊದಲು ಟಾಗೋರ್ ಬೀಚಿಗೆ ಹೋಗಿ. ದಡದಲ್ಲೇ ನೌಕಾಪಡೆಯ ಹಳೆಯ ಕ್ಷಿಪಣಿ ನೌಕೆ ಚಪಲ್ ಇದೆ, ಪಕ್ಕದಲ್ಲಿ ಟುಪೊಲೆವ್ ವಿಮಾನ. ಟಿಕೆಟ್ ತೆಗೆದುಕೊಂಡು ಒಳಗೆ ಹೋಗಿ ನೋಡಬಹುದು. ಕತ್ತಲಾಗುವ ಮೊದಲು ಅದನ್ನು ಮುಗಿಸಿಕೊಳ್ಳಿ.

ಆಮೇಲೆ ಗಾಡಿಗಳ ಸಾಲು. ಚುರುಮುರಿ, ಪಾನಿಪುರಿ, ಸುಟ್ಟ ಮೆಕ್ಕೆಜೋಳ, ಗೋಬಿ. ಇಲ್ಲಿ ಹೊಟ್ಟೆ ತುಂಬಿಸಿಕೊಳ್ಳಬೇಡಿ. ಒಂದು ಪ್ಲೇಟು ಇಬ್ಬರು ತಿನ್ನಿ, ಊಟ ಬಾಕಿ ಇದೆ. ಎಂಟು ಗಂಟೆಗೆ ಪೇಟೆಗೆ ವಾಪಸ್ ಬಂದು ಊಟಕ್ಕೆ ಕೂತುಬಿಡಿ. ತಡ ಮಾಡಿದರೆ ಒಳ್ಳೆಯ ಮೀನು ಮುಗಿದಿರುತ್ತದೆ.

ಮೀನೂಟದ ಬಗ್ಗೆ ಸ್ವಲ್ಪ ಹೇಳಲೇಬೇಕು, ದುಡ್ಡು ಸದ್ದಿಲ್ಲದೆ ಕರಗುವುದು ಇಲ್ಲಿ. ಥಾಲಿಯ ರೇಟು ಬೋರ್ಡಿನ ಮೇಲೆ ಇರುತ್ತದೆ, ಫ್ರೈ ರೇಟು ಮೀನಿನ ಗಾತ್ರದ ಮೇಲೆ ಇರುತ್ತದೆ. ಇಸವಣ, ಪಾಪ್ಲೆಟ್ ಕೇಳಿದರೆ ಬಿಲ್ಲು ಎರಡು ಪಟ್ಟು ಆಗುವುದಕ್ಕೆ ಹೊತ್ತು ಬೇಡ. ಕೂತ ಕೂಡಲೇ ‘ಇವತ್ತು ತಾಜಾ ಯಾವುದು ಬಂದಿದೆ, ಎಷ್ಟು?’ ಅಂತ ಕೇಳಿ. ಮಾಣಿಗೆ ಇದು ದಿನಾ ಕೇಳುವ ಪ್ರಶ್ನೆ, ಬೇಜಾರು ಮಾಡಿಕೊಳ್ಳುವುದಿಲ್ಲ. ಹೆಚ್ಚಿನ ದಿನ ಉತ್ತರ ಬಂಗಡೆ. ಅದನ್ನೇ ಹೇಳಿ. ರವೆ ಹಚ್ಚಿ ಕಾವಲಿ ಮೇಲೆ ಹುರಿದ ಇಡೀ ಬಂಗಡೆ ತಟ್ಟೆಗೆ ಬಂದಾಗ ಹೊಟ್ಟೆ ಭಾಗ ನೋಡಿ. ಒಡೆಯದೆ ಗಟ್ಟಿಯಾಗಿದ್ದರೆ ಮೀನು ತಾಜಾ. ಬೆರಳಲ್ಲಿ ಒತ್ತಿದರೆ ಮಾಂಸ ಮುಳ್ಳಿನಿಂದ ಉದ್ದಕ್ಕೆ ಒಂದೇ ಎಸಳಾಗಿ ಬಿಡುತ್ತದೆ. ಹಳೆಯದಾದರೆ ಪುಡಿಪುಡಿಯಾಗುತ್ತದೆ. ತಿಸ್ರೆ (ಚಿಪ್ಪುಮೀನು) ಸುಕ್ಕೆ ಇದ್ದರೆ ಒಂದು ಪ್ಲೇಟು ಎಲ್ಲರಿಗೂ ಸೇರಿ ಹೇಳಿ. ತೆಂಗಿನಕಾಯಿ ಹಾಕಿ ಮಾಡಿದ ಆ ಸುಕ್ಕೆಗೆ ಅನ್ನ ಸಾಕಾಗುವುದಿಲ್ಲ. ಕೊನೆಗೆ ಒಂದು ಲೋಟ ಸೋಲ್ ಕಡಿ, ಕೋಕಂ ಮತ್ತು ತೆಂಗಿನ ಹಾಲಿನದ್ದು. ಕೆಲವು ಕಡೆ ಥಾಲಿ ಮಧ್ಯಾಹ್ನ ಮಾತ್ರ. ಅಂಥ ಕಡೆ ಮಧ್ಯಾಹ್ನವೇ ದೊಡ್ಡ ಊಟ ಮುಗಿಸಿ, ರಾತ್ರಿ ಅನ್ನ, ಮೀನ್ ಸಾರು ಸಾಕು. ಮೀನು ತಿನ್ನದವರಿಗೆ ಖರ್ಚು ಇನ್ನೂ ಕಮ್ಮಿ. ಬೆಳಿಗ್ಗೆ ಬನ್ಸ್, ಪಾತಳ ಭಾಜಿ ಮಾತ್ರ ಬಿಡಬೇಡಿ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಆ ಎರಡು ತಿಂಗಳು ಮೀನು ಕಮ್ಮಿ, ರೇಟು ಜಾಸ್ತಿ. ಮೀನಿಗಾಗಿಯೇ ಬರುವವರು ಮುಂದೆ ಹಾಕಿ.

ಊಟ ಆದ ಮೇಲೆ ಮತ್ತೆ ಬೀಚಿಗೆ. ಇದು ಕಾರವಾರದವರ ಅಭ್ಯಾಸ. ಮನೆಮಂದಿಯೆಲ್ಲ ಬಂದು ಕಟ್ಟೆ ಮೇಲೆ, ಮರಳಿನ ಮೇಲೆ ಕೂತಿರುತ್ತಾರೆ. ದೇವಗಡ ದ್ವೀಪದ ದೀಪಸ್ತಂಭ ದೂರದಲ್ಲಿ ಮಿನುಗುತ್ತಿರುತ್ತದೆ. ಹುಣ್ಣಿಮೆಯ ದಿನ ಬಂದರೆ ಚಂದ್ರ ಏಳುವುದು ಊರ ಹಿಂದಿನ ಗುಡ್ಡದಿಂದ. ಸಮುದ್ರಕ್ಕೆ ಬೆನ್ನು ಹಾಕಿ ಅದನ್ನು ನೋಡಬೇಕು, ಸ್ವಲ್ಪ ಹೊತ್ತಿಗೆ ಬೆಳಕು ನೀರಿಗೆ ಬರುತ್ತದೆ. ಬೀಚಿಗೆ ಹೆಸರು ಕೊಟ್ಟ ರವೀಂದ್ರನಾಥ ಟಾಗೋರರೂ ಇಲ್ಲಿ ರಾತ್ರಿ ಸುತ್ತಿದವರೇ. ಅವರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಡ್ಜ್ ಆಗಿದ್ದರು. ಆಗ ಇಪ್ಪತ್ತರ ಆಸುಪಾಸಿನ ರವೀಂದ್ರರು ಬೆಳದಿಂಗಳಲ್ಲಿ ಸಣ್ಣ ದೋಣಿ ಹತ್ತಿ ಕಾಳಿಯಲ್ಲಿ ಮೇಲಕ್ಕೆ ಹೋಗಿ, ಗುಡ್ಡದ ಕೋಟೆ ನೋಡಿ, ತಡರಾತ್ರಿ ನದಿ ಬಾಯಿಯಲ್ಲಿ ಇಳಿದು ಮರಳಿನ ಮೇಲೆ ನಡೆದೇ ಮನೆಗೆ ಹೋದ ನೆನಪನ್ನು ಬರೆದಿಟ್ಟಿದ್ದಾರೆ. ಅದೇ ಮರಳು ಇದು. ಕೋಡಿಬಾಗದ ಮನೆಯಿಂದ ಪೇಟೆಗೆ ಬರುವಾಗ ನನಗೆ ಇದು ಎಷ್ಟೋ ಸಲ ನೆನಪಾಗುತ್ತದೆ.

ಆದರೆ ಇವತ್ತು ನೀವು ರಾತ್ರಿ ಹೊತ್ತು ನದಿ ಬಾಯಿಯ ಕಡೆಗೆ ನಡೆಯಬೇಡಿ. ಕಾಳಿ ಸಮುದ್ರ ಸೇರುವ ಕಡೆ ಸೆಳೆತ ಜಾಸ್ತಿ, ಹಗಲಲ್ಲೂ ಅಲ್ಲಿ ನೀರಿಗೆ ಇಳಿಯುವ ಜಾಗವಲ್ಲ. ಗಾಡಿಗಳ ದೀಪ ಇರುವಷ್ಟು ದೂರದಲ್ಲೇ ಕೂತುಕೊಳ್ಳಿ. ಹತ್ತರ ಹೊತ್ತಿಗೆ ಗಾಡಿಗಳು ಮುಚ್ಚತೊಡಗುತ್ತವೆ, ಜನ ಏಳುತ್ತಾರೆ. ಅವರ ಜೊತೆಗೇ ಏಳಿ.

ಕುಡಿಯುವ ಅಭ್ಯಾಸ ಇರುವವರು ಪೇಟೆಯ ಬಾರ್ ಆ್ಯಂಡ್ ರೆಸ್ಟೋರೆಂಟಿನಲ್ಲಿ ಕೂತೇ ಕುಡಿಯಿರಿ. ಬೀಚಿಗೆ ಬಾಟಲಿ ಒಯ್ಯಬೇಡಿ. ಸಾರ್ವಜನಿಕ ಜಾಗದಲ್ಲಿ ಕುಡಿಯುವುದು ಅಪರಾಧ, ದಂಡ ಕಟ್ಟಿದರೆ ಎರಡು ರಾತ್ರಿಯ ದುಡ್ಡು ಹೋಯ್ತು. ಒಡೆದ ಗಾಜು ಮರುದಿನ ಬೆಳಿಗ್ಗೆ ರಂಪಣಿ ಬಲೆ ಎಳೆಯಲು ಬರುವವರ ಬರಿಗಾಲಿಗೆ ಸಿಗುತ್ತದೆ. ಇದನ್ನು ದಯವಿಟ್ಟು ನೆನಪಿಡಿ.

ಎರಡನೆಯ ರಾತ್ರಿ ಆಟಕ್ಕೆ

ನನ್ನ ಮಟ್ಟಿಗೆ ಇಡೀ ಪ್ರವಾಸ ಇದಕ್ಕಾಗಿ. ಯಕ್ಷಗಾನಕ್ಕೆ ನಮ್ಮ ಕಡೆ ಆಟ ಅಂತಲೇ ಹೇಳುವುದು. ಯಾರಾದರೂ ಹರಕೆ ಹೊತ್ತು ಆಡಿಸುವ ಬಯಲಾಟವಾದರೆ ಟಿಕೆಟ್ ಇಲ್ಲ, ಯಾರು ಬೇಕಾದರೂ ಹೋಗಿ ಕೂರಬಹುದು. ಡೇರೆ ಮೇಳದ್ದಾದರೆ ಟಿಕೆಟ್ ಇದೆ. ಮುಂದಿನ ಸಾಲಿಗೆ ಜಾಸ್ತಿ, ಹಿಂದಿನದಕ್ಕೆ ಕಮ್ಮಿ. 400ರಲ್ಲಿ ಆರಾಮಾಗಿ ಆಗುತ್ತದೆ.

ಎಲ್ಲಿ ಆಟ ಇದೆ ಅಂತ ಹುಡುಕುವುದು ಸುಲಭ. ಕನ್ನಡ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಇಂದಿನ ಆಟಗಳ ಪಟ್ಟಿ ಬರುತ್ತದೆ. ಅಂಕೋಲಾ, ಕುಮಟಾ ಬಸ್ ಸ್ಟ್ಯಾಂಡಿನ ಗೋಡೆಗಳಲ್ಲಿ ಪೋಸ್ಟರ್ ಇರುತ್ತವೆ. ಚಾ ಅಂಗಡಿಯಲ್ಲಿ ಕೇಳಿದರೆ ಮೇಳದ ಹೆಸರು, ಪ್ರಸಂಗ (ಕಥೆ), ಪದ್ಯ ಹಾಡುವ ಭಾಗವತರು ಯಾರು ಅಂತ ಎಲ್ಲ ಹೇಳುತ್ತಾರೆ. ನೀವು ಕೇಳಲೇಬೇಕಾದ್ದು ಒಂದು: ‘ಇಡೀ ರಾತ್ರಿಯೋ, ಕಾಲಮಿತಿಯೋ?’

ನಿಮ್ಮ ಲೆಕ್ಕ ಪೂರ್ತಿ ಬದಲಾಗುವುದು ಈ ಉತ್ತರದ ಮೇಲೆ. ಇಡೀ ರಾತ್ರಿ ಆಟವಾದರೆ ಬೆಳಗಾಗುವವರೆಗೆ ನಡೆಯುತ್ತದೆ. ಮುಗಿದ ಮೇಲೆ ರಸ್ತೆಗೆ ಬಂದರೆ ಬೆಳಗಿನ ಮೊದಲ ಬಸ್ಸು. ಕೊನೆ ಬಸ್ಸಿನ ಚಿಂತೆಯೇ ಇಲ್ಲ. ಆ ರಾತ್ರಿ ರೂಮೂ ಬೇಡ. ಒಂದೇ ರಾತ್ರಿಗೆ ರೂಮು ಹಿಡಿದು, ಎರಡನೆಯ ದಿನ ಚೀಲವನ್ನು ಲಾಡ್ಜಿನ ಕೌಂಟರಿನಲ್ಲಿ ಬಿಟ್ಟು ಹೋದರೆ ತಲಾ 600 ಉಳಿಯಿತು. ಕಾಲಮಿತಿ ಆಟ ಸಂಜೆ ಶುರುವಾಗಿ ನಡುರಾತ್ರಿ, ಒಂದು ಗಂಟೆಯ ಹೊತ್ತಿಗೆ ಮುಗಿಯುತ್ತದೆ. ಈಗ ಇಂಥವೇ ಜಾಸ್ತಿ. ಹೊರಗಿನವರಿಗೆ ಕಷ್ಟ ಇದರಲ್ಲೇ ಇದೆ. ಆ ಹೊತ್ತಿಗೆ ಬಸ್ಸಿಲ್ಲ, ಕುಮಟಾದಿಂದ ಕಾರವಾರ ಎಪ್ಪತ್ತು ಕಿಲೋಮೀಟರಿನಷ್ಟು ದೂರ. ಅಂಥ ದಿನ ಎರಡನೆಯ ರಾತ್ರಿಯ ರೂಮನ್ನು ಕುಮಟಾದಲ್ಲೋ ಹೊನ್ನಾವರದಲ್ಲೋ ಹಿಡಿಯಿರಿ. ಹಗಲು ಗೋಕರ್ಣ ಸುತ್ತಿ, ಸಂಜೆ ಕುಮಟಾಕ್ಕೆ ಬಂದು ಚೀಲ ಇಟ್ಟು ಆಟಕ್ಕೆ ಹೋದರೆ ಎಲ್ಲ ಒಂದೇ ದಾರಿಯಲ್ಲಿ ಆಗುತ್ತದೆ. ಆಟದ ಜಾಗ ಪೇಟೆಯಿಂದ ದೂರ ಇದ್ದರೆ ಹೋಗುವಾಗಲೇ ಆಟೋದವರ ಹತ್ತಿರ ವಾಪಸ್ಸಿನ ಮಾತಾಡಿ, ನಂಬರ್ ಇಟ್ಟುಕೊಳ್ಳಿ.

ಜಾಗಕ್ಕೆ ಒಂದು ಗಂಟೆ ಮೊದಲೇ ಹೋಗಿ. ಚೌಕಿಯ, ಅಂದರೆ ಬಣ್ಣ ಹಚ್ಚಿಕೊಳ್ಳುವ ಜಾಗದ, ಹತ್ತಿರ ನಿಂತು ವೇಷ ಕಟ್ಟುವುದನ್ನು ನೋಡಬೇಕು. ನೆಲದ ಮೇಲೆ ಸಾಲಾಗಿ ಕೂತು, ಸಣ್ಣ ಕನ್ನಡಿ ಕೈಯಲ್ಲಿ ಹಿಡಿದು, ಒಬ್ಬೊಬ್ಬರೂ ತಮ್ಮ ಮುಖವನ್ನು ತಾವೇ ಬರೆದುಕೊಳ್ಳುತ್ತಾರೆ. ಮೊದಲು ಬಣ್ಣದ ಲೇಪ, ಆಮೇಲೆ ಹುಬ್ಬು, ಕಣ್ಣು, ಹಣೆಯ ನಾಮ. ಮುಖ ಮುಗಿದ ಮೇಲೆ ತಲೆಗೆ ಕಟ್ಟುವ ಕೆಲಸ. ಕೇದಗೆ ಮುಂದಲೆ ಅನ್ನುವ ತಲೆಕಟ್ಟಿನ ಬಟ್ಟೆಯನ್ನು ಸುತ್ತು ಸುತ್ತಾಗಿ ಬಿಗಿಯುವಾಗ ಒಬ್ಬರು ಹಿಂದೆ ನಿಂತು ಎಳೆಯುತ್ತಾರೆ, ವೇಷಧಾರಿ ಕಣ್ಣು ಮುಚ್ಚಿ ಕೂತಿರುತ್ತಾನೆ. ಬೆಳಗಿನವರೆಗೆ ಕುಣಿದರೂ ಅದು ಅಲುಗಬಾರದು. ಅಲ್ಲಿ ಮಾತು ಕಮ್ಮಿ. ದೂರ ನಿಂತು ನೋಡಿ, ಫೋಟೋ ಬೇಕಾದರೆ ಕೇಳಿ ತೆಗೆಯಿರಿ, ಫ್ಲ್ಯಾಶ್ ಹಾಕಬೇಡಿ.

ಕೂರುವ ಜಾಗ: ಸ್ಪೀಕರಿನ ಎದುರು ಬೇಡ, ಚಂಡೆ ಶುರುವಾದರೆ ಕಿವಿ ನಿಲ್ಲುವುದಿಲ್ಲ. ರಂಗಕ್ಕೆ ಸ್ವಲ್ಪ ಓರೆಯಾಗಿ, ಭಾಗವತರ ಮುಖ ಕಾಣುವ ಹಾಗೆ ಕೂರಿ. ಕಥೆ ಗೊತ್ತಿಲ್ಲದವರಿಗೆ ಭಾಗವತರ ಮುಖವೇ ದಾರಿ ತೋರಿಸುತ್ತದೆ. ಪದ್ಯ ಎತ್ತುವ ಮೊದಲು ಅವರು ವೇಷದ ಕಡೆ ನೋಡುವ ರೀತಿಯಲ್ಲೇ ಮುಂದೆ ಏನೋ ಇದೆ ಅಂತ ತಿಳಿಯುತ್ತದೆ. ಒಂದು ಚಾಪೆ, ಒಂದು ಶಾಲು ಒಯ್ಯಿರಿ. ಡಿಸೆಂಬರ್, ಜನವರಿಯಲ್ಲಿ ಮೂರು ಗಂಟೆಯ ಮೇಲೆ ಇಬ್ಬನಿ ಬೀಳುತ್ತದೆ. ಶೇಂಗಾ, ಚಾ, ಆಮ್ಲೆಟ್ ಅಲ್ಲೇ ಸಿಗುತ್ತದೆ. ನಿದ್ದೆ ಬಂದರೆ ಚಾಪೆ ಮೇಲೆ ಮಲಗಿಬಿಡಿ, ಯಾರೂ ಏನೂ ಅನ್ನುವುದಿಲ್ಲ. ಮಕ್ಕಳೆಲ್ಲ ಹಾಗೇ ಮಲಗಿರುತ್ತಾರೆ. ದೊಡ್ಡ ವೇಷ ರಂಗಕ್ಕೆ ಬರುವ ಒಡ್ಡೋಲಗಕ್ಕೆ ಚಂಡೆಯೇ ಎಬ್ಬಿಸುತ್ತದೆ.

ಹೆಣ್ಣುಮಕ್ಕಳೇ ಹೋಗಬಹುದಾ ಅಂತ ತಂಗಿಯ ಗೆಳತಿಯರು ಕೇಳುತ್ತಾರೆ. ಹೋಗಬಹುದು. ಆಟಕ್ಕೆ ಊರ ಹೆಂಗಸರು ಮನೆಮಂದಿ ಜೊತೆ ಬಂದೇ ಬರುತ್ತಾರೆ. ಅವರ ಪಕ್ಕದಲ್ಲಿ ಚಾಪೆ ಹಾಸಿ, ಎಲ್ಲಿಂದ ಬಂದಿರಿ ಅಂತ ಅವರೇ ಮಾತಾಡಿಸುತ್ತಾರೆ. ಕತ್ತಲ ದಾರಿಯಲ್ಲಿ ಒಬ್ಬರೇ ಹೋಗಬೇಡಿ, ಫೋನಿನಲ್ಲಿ ಚಾರ್ಜ್ ಉಳಿಸಿಕೊಳ್ಳಿ. ಏನಾದರೂ ತೊಂದರೆಯಾದರೆ 112 ಒತ್ತಿ.

ಗೋವಾ ಹತ್ತಿರ ಅಲ್ವಾ ಅನ್ನುವವರಿಗೆ

ಹತ್ತಿರವೇ. ಮಾಜಾಳಿ ದಾಟಿದರೆ ಗೋವಾ, ಕಾಣಕೋಣ, ಪಾಲೋಲೆಂ ಎಲ್ಲ ಒಂದು ಗಂಟೆಯ ದಾರಿ. ಮಡಗಾಂವಿಗೆ ಹೋಗುವ ನಮ್ಮ ಬಸ್ಸು, ಗೋವಾದ ಕದಂಬ ಬಸ್ಸು ಎರಡೂ ಕಾಣಕೋಣದ ಮೇಲೆಯೇ ಹೋಗುತ್ತವೆ. ಆದರೆ ರಾತ್ರಿ ಅಲ್ಲಿ ಕಳೆದು ಕಾರವಾರದ ರೂಮಿಗೆ ವಾಪಸ್ ಬರುತ್ತೇನೆ ಅನ್ನುವ ಪ್ಲಾನು ಬೇಡ. ತಡರಾತ್ರಿ ಗಡಿ ದಾಟಿ ಬರುವ ಟ್ಯಾಕ್ಸಿಗೆ ಕೊಡುವ ದುಡ್ಡಿನಲ್ಲಿ ಅಲ್ಲಿಯೇ ಒಂದು ಸಾದಾ ರೂಮು ಬರುತ್ತದೆ. ಹೋಗುವುದಾದರೆ ಎರಡನೆಯ ರಾತ್ರಿ ಅಲ್ಲೇ ಉಳಿಯಿರಿ, ಕಾರವಾರದ ರೂಮು ಬಿಟ್ಟು ಹೋಗಿ.

ರಾತ್ರಿ ಹತ್ತರ ಮೇಲೆ ಬಯಲಿನಲ್ಲಿ ಸ್ಪೀಕರ್ ಹಾಕುವ ಹಾಗಿಲ್ಲ ಅನ್ನುವ ಕಾನೂನು ಗೋವಾಕ್ಕೂ ಇದೆ. ಅದಕ್ಕೇ ಪಾಲೋಲೆಂ ಕಡೆ ಸೀಸನ್ನಿನಲ್ಲಿ ಹೆಡ್‌ಫೋನ್ ಹಾಕಿಕೊಂಡು ಕುಣಿಯುವ ಪಾರ್ಟಿ ನಡೆಸುತ್ತಾರೆ. ಅದಕ್ಕೆ ಪ್ರವೇಶದ ದುಡ್ಡು ಬೇರೆ. ದುಡ್ಡು ಕಮ್ಮಿ ಇದ್ದವರು ಸುಮ್ನೆ ದಡದಲ್ಲಿ ನಡೆದು, ಹಾಡುವವರಿರುವ ಹೋಟೆಲಿನಲ್ಲಿ ಊಟ ಮಾಡಿದರೂ ರಾತ್ರಿ ತುಂಬುತ್ತದೆ. ಅಲ್ಲಿ ಮದ್ಯ ಅಗ್ಗ ಅಂತ ಬಾಟಲಿ ಚೀಲಕ್ಕೆ ಹಾಕಿಕೊಂಡು ಬರಬೇಡಿ. ಮಾಜಾಳಿಯಲ್ಲಿ ಅಬಕಾರಿ ಚೆಕ್‌ಪೋಸ್ಟ್ ಇದೆ, ಬಸ್ಸಿನ ಚೀಲಗಳನ್ನೂ ನೋಡುತ್ತಾರೆ. ಸಿಕ್ಕರೆ ಕೇಸು.

ಮಳೆಗಾಲದಲ್ಲಿ ಬಂದರೆ

ರೂಮು ಅಗ್ಗ, ಊರು ಹಸಿರು, ಆದರೆ ಬೀಚಿನ ರಾತ್ರಿ ಇಲ್ಲ, ಆಟವೂ ಇಲ್ಲ. ಆಗ ತಾಳಮದ್ದಲೆ ಹುಡುಕಿ. ವೇಷ ಇಲ್ಲದೆ, ಕೂತಲ್ಲೇ ಅರ್ಥ ಹೇಳುತ್ತಾ ನಡೆಸುವ ಆಟ ಅದು. ದೇವಸ್ಥಾನದ ಒಳಗೆ, ಸಭಾಭವನದಲ್ಲಿ ನಡೆಯುತ್ತದೆ. ಶಿರಸಿ, ಸಿದ್ದಾಪುರ, ಕುಮಟಾ ಕಡೆ ಜಾಸ್ತಿ. ಹೆಚ್ಚಿನ ಕಡೆ ಪುಕ್ಕಟೆ, ಕೆಲವು ಕಡೆ ಊಟವೂ ಇರುತ್ತದೆ. ಘಟ್ಟದ ರಸ್ತೆಗಳಲ್ಲಿ ಮಾತ್ರ ಕತ್ತಲಾದ ಮೇಲೆ ಓಡಾಟ ಇಟ್ಟುಕೊಳ್ಳಬೇಡಿ. 2024ರ ಜುಲೈ 16ರಂದು ಅಂಕೋಲಾ ಹತ್ತಿರದ ಶಿರೂರಿನಲ್ಲಿ ಹೆದ್ದಾರಿ ಮೇಲೆ ಗುಡ್ಡ ಕುಸಿದು ಜನ ಸತ್ತ ನೋವು ನಮ್ಮ ಜಿಲ್ಲೆಯಲ್ಲಿ ಇನ್ನೂ ಹಸಿಯಾಗಿದೆ. ಜೋರು ಮಳೆಯ ಎಚ್ಚರಿಕೆ ಇದ್ದ ವಾರ ಪ್ರವಾಸವನ್ನೇ ಮುಂದೆ ಹಾಕಿ.

ಹೊರಡುವ ದಿನ

ಶುಕ್ರವಾರ, ಶನಿವಾರ ಎರಡು ರಾತ್ರಿ ಉಳಿದವರು ಹೊರಡುವುದು ಭಾನುವಾರ, ಅವತ್ತು ಕಾರವಾರದ ಸಂತೆ. ಆಟ ನೋಡಿ ಬಂದವರು ಚಾ ಕುಡಿದು ಹಾಗೇ ಹೋಗಿ. ಘಟ್ಟದ ಮೇಲಿನ ತರಕಾರಿ, ಕೊಂಕಣದ ಕೋಕಂ, ಒಣಮೀನು ಎಲ್ಲ ಬರುತ್ತದೆ. ಉಳಿದ ದುಡ್ಡಿನಲ್ಲಿ ಮನೆಗೆ ಏನಾದರೂ ಕೊಳ್ಳುವುದಾದರೆ ಕೋಕಂ ಕೊಳ್ಳಿ, ಹಾಳಾಗುವುದಿಲ್ಲ. ಒಣಮೀನು ಕೊಂಡರೆ ಎರಡು ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಕಟ್ಟಿಸಿ, ರೈಲಿನಲ್ಲಿ ಪಕ್ಕದವರಿಗೂ ಮೂಗಿದೆ.

ಮಧ್ಯಾಹ್ನ ಥಾಲಿ ಊಟ, ಒಂದು ಗಂಟೆ ನಿದ್ದೆ. ಅದಕ್ಕೆ ಲಾಡ್ಜಿನವರ ಹತ್ತಿರ ಅರ್ಧ ದಿನದ ರೇಟು ಕೇಳಿ ನೋಡಿ, ಜನ ಕಮ್ಮಿ ಇದ್ದ ದಿನ ಒಪ್ಪುತ್ತಾರೆ. ಬೆಂಗಳೂರಿನವರಿಗೆ ಪಂಚಗಂಗಾ ಸಂಜೆ ಇಲ್ಲಿಂದ ಹೊರಡುತ್ತದೆ. ಶಿರವಾಡಕ್ಕೆ ಹೋಗಲು ಒಂದು ಗಂಟೆ ಮೊದಲೇ ಪೇಟೆ ಬಿಡಿ. ಹುಬ್ಬಳ್ಳಿಯವರು ಮಧ್ಯಾಹ್ನವೇ ಬಸ್ ಹತ್ತುವುದು ಒಳ್ಳೆಯದು, ಭಾನುವಾರ ಸಂಜೆಯ ಬಸ್ಸುಗಳಲ್ಲಿ ನಿಂತು ಅರಬೈಲ್ ಘಟ್ಟ ಹತ್ತುವುದು ಕಷ್ಟ. ಬಸ್ ಸ್ಟ್ಯಾಂಡಿನ ವಿಚಾರಣೆ ಕಿಟಕಿಯಲ್ಲಿ ಶನಿವಾರ ಬೆಳಿಗ್ಗೆಯೇ ಸಮಯ ಕೇಳಿ ಬರೆದುಕೊಂಡಿರಿ.